ಸೀಮೆಸುಣ್ಣದ ಐದು ಗೀಟು

ನನ್ನ ಅಣ್ಣನನ್ನು ಬಸ್ ಡಿಪೋದಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಸೀಮೆಸುಣ್ಣ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಎನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ. ಮೂವತ್ತೊಂದು ವರ್ಷ ಬಸ್ಸಿನ ಚಕ್ರ ಬಿಚ್ಚಿ ಹಾಕಿದವನು ಅವನು. ಬೇರೆಯವರ ಜೇಬಿನಲ್ಲಿ ಪೆನ್ನು ಇದ್ದ ಕಡೆ ಅವನ ಜೇಬಿನಲ್ಲಿ ಒಂದು ತುಂಡು ಬಿಳಿ ಸೀಮೆಸುಣ್ಣ ಇರುತ್ತಿತ್ತು. ತೆಗೆಯಲು ಮರೆತು ಅಂಗಿಯನ್ನು ನೆನೆಹಾಕಿದರೆ ಬಕೆಟ್ಟಿನ ನೀರೆಲ್ಲ ಬೆಳ್ಳಗಾಗುತ್ತಿತ್ತು. ಒಗೆಯುವವಳು ನಾನು, ಹಾಗಾಗಿ ಬಯ್ಯುವವಳೂ ನಾನೇ.

ಆ ಸುಣ್ಣ ಯಾತಕ್ಕೆಂದು ಈಗಲೇ ಹೇಳಿಬಿಡುತ್ತೇನೆ. ಚಕ್ರ ಕೂರಿಸಿ, ಗಾಡಿಯನ್ನು ನೆಲಕ್ಕೆ ಇಳಿಸಿ, ನಟ್ಟುಗಳನ್ನು ಪಾನಾ ಹಾಕಿ ಕೊನೆಯ ಸಲ ಬಿಗಿ ಮಾಡಿದ ಮೇಲೆ, ಪ್ರತಿ ನಟ್ಟಿನ ಮೇಲಿಂದ ಚಕ್ರದ ತಗಡಿನವರೆಗೆ ಒಂದೊಂದು ಗೀಟು ಎಳೆಯುತ್ತಿದ್ದ. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೀಟು ಮುರಿದಂತೆ ಕಾಣುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವನ ಮೊದಲ ಪಾಠವೇ ಇದು. “ಬಿಗಿ ಮಾಡಿದ್ದೆ ಅಂತ ತಲೆ ಹೇಳುತ್ತೆ. ಅದಕ್ಕೇನು, ನಿನ್ನೆ ಮಾಡಿದ್ದನ್ನೂ ಇವತ್ತು ಮಾಡ್ದೆ ಅಂತ ಹೇಳುತ್ತೆ. ತಲೆ ನಂಬಬೇಡಿ, ಗೀಟು ನೋಡಿ. ಗೀಟಿದ್ರೆ ಗಾಡಿ ಹೊರಡ್ಲಿ, ಇಲ್ದಿದ್ರೆ ನಿಲ್ಲಲಿ.” ಅವನ ಕೈಯಿಂದ ಹೋದ ಒಂದು ಬಸ್ಸಿನ ಚಕ್ರವೂ ದಾರಿಯಲ್ಲಿ ಅಲುಗಾಡಿದ್ದಿಲ್ಲ.

ಏಳು ವರ್ಷದ ಹಿಂದೆ ನಮ್ಮ ಮನೆಯ ಕಾರಿನ ಚಕ್ರ ಓಡುತ್ತಿರುವಾಗಲೇ ಕಳಚಿ ಹೋಯಿತು, ಅತ್ತಿಗೆ ಸತ್ತಳು. ಆ ಚಕ್ರ ಹಾಕಿದವನು ಅಣ್ಣ. ಅದರ ಮೇಲೆ ಐದು ಗೀಟು ಎಳೆದವಳು ನಾನು. ಮೊದಲನೆಯ ಮಾತು ಓಣಿಗೆಲ್ಲ ಗೊತ್ತಾಯಿತು. ಎರಡನೆಯದನ್ನು ನಾನು ಯಾರಿಗೂ ಹೇಳಲಿಲ್ಲ. ಆ ದಿನದಿಂದ ಅಣ್ಣ ಪಾನಾ ಮುಟ್ಟಲಿಲ್ಲ, ಮಗಳು ಅಪ್ಪನ ಮುಖ ನೋಡಿ ಮಾತಾಡಲಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಅವನಿಗೆ ಅವನ ಕಸುಬೂ ಸಿಗುತ್ತಿತ್ತು, ಮಗಳೂ ಸಿಗುತ್ತಿದ್ದಳು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಹೇಡಿ ನಾನು, ಬೇರೆ ಮಾತು ಹುಡುಕುವುದು ಬೇಡ.

ನಾನು ಆ ಮನೆಗೆ ಬಂದದ್ದು ಮೂವತ್ತರ ವಯಸ್ಸಿನಲ್ಲಿ, ಒಂದು ಹೊಲಿಗೆ ಮಿಷನ್ ಹೊತ್ತುಕೊಂಡು. ಗಂಡ ಅನ್ನಿಸಿಕೊಂಡವನು ಇನ್ನೊಂದು ಊರಿನಲ್ಲಿ ಇನ್ನೊಂದು ಮನೆ ಮಾಡಿಕೊಂಡಿದ್ದ. ಹಾಳಾಗಿ ಹೋಗಲಿ, ಅವನ ಕಥೆ ಇಲ್ಲಿ ಬೇಡ. ಅಣ್ಣ ಒಂದು ಪ್ರಶ್ನೆಯನ್ನೂ ಕೇಳದೆ ಮುಂದಿನ ಕೋಣೆಯ ಮಂಚವನ್ನು ಹಿಂದಕ್ಕೆ ಸಾಗಿಸಿ, ಅಂಗಳದ ಕಡೆಯ ಕಿಟಕಿಯ ಕೆಳಗೆ ಮಿಷನ್ ಇಟ್ಟ. “ಇಲ್ಲಿ ಬೆಳಕು ಚೆನ್ನಾಗಿದೆ ನೋಡು,” ಅಂದ. ಅಷ್ಟೇ. ಅಂದಿನಿಂದ ಆ ಕಿಟಕಿಯಲ್ಲಿ ಕೂತು ಶಾಲೆಯ ಯೂನಿಫಾರ್ಮು, ಪರದೆ, ದಿಂಬಿನ ಚೀಲ ಹೊಲಿಯುತ್ತಾ ಬಂದಿದ್ದೇನೆ.

ಅತ್ತಿಗೆ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ನಾನು ಅವಳನ್ನು ಅತ್ತಿಗೆ ಅನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕ ಅನ್ನುತ್ತಿದ್ದಳು, ಇಬ್ಬರಲ್ಲಿ ಯಾರು ದೊಡ್ಡವರೆಂದು ಕೊನೆಗೂ ತೀರ್ಮಾನವಾಗಲಿಲ್ಲ. ಅವಳು ದಾದಿ. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯ ತೊಳೆದು, ಸೂಜಿ ಚುಚ್ಚಿ, ಮಗ್ಗುಲು ಬದಲಿಸಿ ಬರುತ್ತಿದ್ದಳು. ಅದಕ್ಕಾಗಿಯೇ ಆ ಹಳೆಯ ಕಾರು. ಅಣ್ಣ ಅದನ್ನು ಸಾಕಿದ್ದ ಎನ್ನಬೇಕು.

ಭಾನುವಾರ ಬೆಳಗಾದರೆ ನಮ್ಮ ಅಂಗಳದಲ್ಲಿ ಓಣಿಯ ಅರ್ಧ ಗಾಡಿಗಳು ನಿಲ್ಲುತ್ತಿದ್ದವು. ಅತ್ತಿಗೆ ನಗುತ್ತಾ “ನನ್ನ ರೋಗಿಗಳಿಗಿಂತ ನಿಮ್ಮಣ್ಣನ ರೋಗಿಗಳೇ ಜಾಸ್ತಿ,” ಎನ್ನುತ್ತಿದ್ದಳು. ಅಣ್ಣ ಪ್ರತಿ ಗಾಡಿಯನ್ನೂ ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಲೈಟು ಹಾಕಿಸುತ್ತಿದ್ದ. ಗೋಡೆಯ ಮೇಲೆ ಎರಡು ಬೆಳಕು ಸಮನಾಗಿ ಬೀಳಬೇಕು. ಬಿದ್ದಿಲ್ಲವೋ, ಬಲ್ಬು ಬದಲಿಸುವ ಕೆಲಸ. ಅದನ್ನೂ ಮಾಲೀಕರ ಕೈಯಿಂದಲೇ ಮಾಡಿಸುತ್ತಿದ್ದ. ಮೊದಲು ಲೈಟು ಆರಿಸಿ, ಹಳೆಯ ಬಲ್ಬು ತಣ್ಣಗಾಗುವವರೆಗೆ ಸುಮ್ಮನೆ ಕೂರಬೇಕು. ಹೊಸ ಬಲ್ಬಿನ ಗಾಜಿಗೆ ಬೆರಳು ತಾಗಕೂಡದು. ಬೆರಳಿನ ಜಿಡ್ಡು ಗಾಜಿಗೆ ಹತ್ತಿದರೆ ಅಷ್ಟು ಜಾಗ ಮಾತ್ರ ಹೆಚ್ಚಿಗೆ ಕಾದು ಬಲ್ಬು ಬೇಗ ಸುಟ್ಟುಹೋಗುತ್ತದೆ, ಕೆಲವು ಸಲ ಒಡೆದೂ ಹೋಗುತ್ತದೆ. ಹಾಗಾಗಿ ಬಲ್ಬು ಹಿಡಿಯಲು ಒಂದು ಬಿಳಿ ಹತ್ತಿಬಟ್ಟೆಯ ಚೂರು. ಆ ಚೂರು ನನ್ನ ಕಡೆಯದು. ಕತ್ತರಿಸಿ ಉಳಿದದ್ದನ್ನು ಒಗೆದು, ಇಸ್ತ್ರಿ ಹಾಕಿ, ಅಂಗೈಯಗಲಕ್ಕೆ ಕತ್ತರಿಸಿ ಡಬ್ಬಿ ತುಂಬಿಸಿಡುತ್ತಿದ್ದೆ. ಅಣ್ಣನ ಕೆಲಸದಲ್ಲಿ ನನ್ನದೂ ಒಂದು ಪಾಲಿದೆ ಎಂದು ಒಳಗೊಳಗೇ ಜಂಬ ನನಗೆ.

ಚಕ್ರದ ವಿಷಯಕ್ಕೆ ಬಂದರೆ ಅವನು ಇನ್ನೂ ಕಟ್ಟುನಿಟ್ಟು. ಹ್ಯಾಂಡ್ ಬ್ರೇಕು ಎಳೆದು, ಗೇರಿಗೆ ಹಾಕಿ, ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಗಾಡಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಒಂದಿಷ್ಟು ಸಡಿಲಿಸಬೇಕು, ಆಮೇಲೆ ಜಾಕು. ಎತ್ತಿದ ತಕ್ಷಣ ಸ್ಟೆಪ್ನಿ ಚಕ್ರವನ್ನು ಗಾಡಿಯ ಹೊಟ್ಟೆಯ ಕೆಳಗೆ ಮಲಗಿಸಬೇಕು. “ಜಾಕು ಇರೋದು ಎತ್ತೋಕೆ ಕಣ್ರೀ, ಹೊರೋಕಲ್ಲ. ಅದು ಜಾರಿದ್ರೆ ಗಾಡಿ ಚಕ್ರದ ಮೇಲೆ ಬೀಳ್ಲಿ, ನಿಮ್ಮ ಮೇಲೆ ಬೇಡ,” ಎನ್ನುತ್ತಿದ್ದ. ಹಳೆಯದನ್ನು ಬಿಚ್ಚಿದ ಮೇಲೆ ಅದನ್ನು ಕೆಳಗೆ ತಳ್ಳಿ ಸ್ಟೆಪ್ನಿಯನ್ನು ಎಳೆದುಕೊಳ್ಳಬೇಕು. ಗಾಡಿ ಇಳಿದ ಮೇಲೆ ಒಂದು ಬಿಟ್ಟು ಒಂದು ನಟ್ಟು ಬಿಗಿ ಮಾಡಿ, ಗೀಟು. ಐವತ್ತು ಕಿಲೋಮೀಟರು ಓಡಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಪಾನಾ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು, ನನಗೂ ಅರ್ಧ ಕಸುಬು ಬಂದಿತ್ತು. ಅದೇ ಬಂದದ್ದು ಕೇಡಿಗೆ.

ಆ ದಿನ ಅತ್ತಿಗೆ ಎದ್ದು ನೋಡಿದರೆ ಕಾರಿನ ಮುಂದಿನ ಎಡಚಕ್ರ ಚಪ್ಪಟೆಯಾಗಿ ಕೂತಿತ್ತು. ಒಂಬತ್ತು ಗಂಟೆಗೆ ಅವಳು ಸೇತುವೆಯಾಚೆ ಒಬ್ಬ ಮುದುಕಿಯ ಬೆನ್ನಿನ ಗಾಯಕ್ಕೆ ಬಟ್ಟೆ ಕಟ್ಟಬೇಕಿತ್ತು. ಡಿಪೋಗೆ ಹೊರಟಿದ್ದ ಅಣ್ಣ ಚೀಲ ಕೆಳಗಿಟ್ಟು ಸ್ಟೆಪ್ನಿ ಹಾಕಲು ಕೂತ. ಮಂಡಿ ಅವನಿಗೆ ಆಗಲೇ ಕೈಕೊಟ್ಟಿತ್ತು. ಕೂತರೆ ಏಳಲು ಬಾಗಿಲು ಹಿಡಿಯಬೇಕು, ಎದ್ದರೆ ಕೂರಲು ದೇವರು ಬರಬೇಕು. ನಾನು ಕಿಟಕಿಯಲ್ಲಿ ಹೊಲಿಯುತ್ತಿದ್ದೆ.

ಎಲ್ಲವನ್ನೂ ಕ್ರಮವಾಗಿಯೇ ಮಾಡಿದ. ಗಾಡಿಯನ್ನು ಇಳಿಸಿ, ಐದು ನಟ್ಟಿನಲ್ಲಿ ಎರಡಕ್ಕೆ ಪಾನಾ ಹಾಕಿದ್ದ. ಆಗ ಎದುರುಮನೆಯ ಮೇಷ್ಟ್ರು ಹೊಸ ಹೆಡ್‌ಲೈಟ್ ಬಲ್ಬೊಂದನ್ನು ಬರಿಗೈಯಲ್ಲಿ, ಗಾಜನ್ನೇ ಮುಷ್ಟಿ ಮಾಡಿ ಹಿಡಿದುಕೊಂಡು ಗೇಟಿಗೆ ಬಂದರು. ಶಾಲೆಗೆ ಹೊತ್ತಾಯಿತು, ಇದು ಯಾವ ಕಡೆಯಿಂದ ಕೂರುತ್ತೆ ಎಂದು ಕೇಳಿದರು. ಅಣ್ಣನಿಗೆ ಮೈಯೆಲ್ಲ ಉರಿದುಹೋಯಿತು.

“ಮೇಷ್ಟ್ರೇ, ಮೊದ್ಲು ಆ ಗಾಜು ಬಿಡಿ. ನೂರು ಸಲ ಹೇಳಿದೀನಿ.”

“ಬಟ್ಟೆ ಸಿಗ್ಲಿಲ್ಲಪ್ಪ.”

“ನಿಮಗೆ ಅಂಗಿ ಸಿಗ್ತಲ್ಲ ಬೆಳಿಗ್ಗೆ ಹಾಕ್ಕೊಳ್ಳೋಕೆ.”

ಹಾಗೆಂದವನೇ ಬಾಗಿಲು ಹಿಡಿದು ಎದ್ದು, ಕೈಯಲ್ಲಿದ್ದ ಪಾನಾವನ್ನು ಚೀಲಕ್ಕೆ ಎಸೆದು, ನನ್ನ ಡಬ್ಬಿಯಿಂದ ಒಂದು ಬಟ್ಟೆಚೂರು ತೆಗೆದುಕೊಂಡು ಮೇಷ್ಟ್ರ ಹಿಂದೆ ಹೋದ. ಮಿಷನ್ನಿನ ಸದ್ದಿನಲ್ಲಿ ನನಗೆ ಅವನು ಎಷ್ಟು ನಟ್ಟು ಬಿಗಿ ಮಾಡಿದನೆಂದು ಗೊತ್ತಾಗಿರಲಿಲ್ಲ. ಪಾನಾ ಚೀಲಕ್ಕೆ ಬಿದ್ದ ಸದ್ದು ಮಾತ್ರ ಕೇಳಿತು. ಕೆಲಸ ಮುಗಿಯುವ ಮೊದಲು ಪಾನಾವನ್ನು ಚೀಲಕ್ಕೆ ಹಾಕಿದವನೇ ಅಲ್ಲ ಅವನು. ಅಷ್ಟು ವರ್ಷಗಳಲ್ಲಿ ಅದೊಂದೇ ಸಲ ಹಾಕಿದ್ದು, ಮೇಷ್ಟ್ರ ಮೇಲಿನ ಸಿಟ್ಟಿಗೆ.

ಮುಗಿಯಿತು ಎಂದುಕೊಂಡೆ. ನೋಡಿದರೆ ಗೀಟು ಎಳೆದಿರಲಿಲ್ಲ. ಪಾಪ, ಬರೀ ಐದು ಗೀಟಿಗಾಗಿ ಮತ್ತೆ ಆ ಮಂಡಿ ಮಡಚಿ ಕೂರಬೇಕಲ್ಲ ಅನ್ನಿಸಿತು. ಒಳಗೆ ಅತ್ತಿಗೆ ತಡವಾಯಿತೆಂದು ಗೊಣಗುತ್ತಿದ್ದಳು. ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದ ಬಿಲ್ಲೆ ನನ್ನ ಕೈಯಲ್ಲೇ ಇತ್ತು. ಹೊರಗೆ ಹೋಗಿ, ಚಕ್ರದ ಮುಂದೆ ಕೂತು, ಐದು ಗೀಟು ಎಳೆದೆ. ಚೆನ್ನಾಗಿಯೇ ಎಳೆದೆ. ಗೀಟು ಎಳೆಯುವುದು ನನ್ನ ಕಸುಬಲ್ಲವೇ, ಅಣ್ಣನ ಗೀಟಿಗಿಂತ ನೆಟ್ಟಗಿದ್ದವು. ಅವನು ಬಂದು ನೋಡಿ ಏನಾದರೂ ಹೇಳುತ್ತಾನೆಂದು ಮಿಷನ್ನಿನ ಮುಂದೆ ಕೂತು ಕಾದೆ.

ಅವನು ರಸ್ತೆ ದಾಟಿ ಬರುವಷ್ಟರಲ್ಲಿ ಅತ್ತಿಗೆ ಕಾರು ಶುರುಮಾಡಿ ಕೂತಿದ್ದಳು. ಅಣ್ಣ ಚಕ್ರದ ಪಕ್ಕ ನಿಂತ. ಕಪ್ಪು ತಗಡಿನ ಮೇಲೆ ತಿಳಿನೀಲಿಯೂ ನಿಂತು ನೋಡುವವನಿಗೆ ಬಿಳಿಯಂತೆಯೇ ಕಾಣುತ್ತದೆ. ಒಂದು ಗಳಿಗೆ ಏನನ್ನೋ ನೆನಪು ಮಾಡಿಕೊಳ್ಳುವವನಂತೆ ಹುಬ್ಬು ಗಂಟಿಕ್ಕಿದ. ಬಗ್ಗಲು ಹೋಗಿ ತೊಡೆ ಹಿಡಿದುಕೊಂಡ. ಆಮೇಲೆ ಗೀಟು ನೋಡಿದ, ಐದಿದ್ದವು. “ಹೂಂ, ಹೊರಡು,” ಅಂದ. ಅತ್ತಿಗೆ ಗಾಜಿನಾಚೆ ಕೈ ಆಡಿಸಿ ಹೋದಳು.

ಸೇತುವೆಯ ಇಳಿಜಾರಿನಲ್ಲಿ ಚಕ್ರ ಕಳಚಿ ಒಣಹುಲ್ಲಿಗೆ ಉರುಳಿತಂತೆ. ಕಾರು ತಡೆಗೋಡೆಗೆ ಬಡಿಯಿತು. ಅತ್ತಿಗೆ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು, ಕಣ್ಣು ತೆರೆಯಲಿಲ್ಲ.

ಮೂರನೆಯ ದಿನ ಪೊಲೀಸ್ ಸ್ಟೇಷನ್ನಿನಲ್ಲಿ ಗಾಡಿ ಪರೀಕ್ಷೆ ಮಾಡುವ ಸಾಹೇಬರು ಅಣ್ಣನನ್ನು ಕರೆಸಿದರು. ಮೂರು ನಟ್ಟು ಕೈಬಿಗಿಯಲ್ಲೇ ಇದ್ದು ತಾವಾಗಿ ಬಿಚ್ಚಿಕೊಂಡಿವೆ, ಭಾರ ತಾಳದೆ ಉಳಿದೆರಡು ಮುರಿದಿವೆ, ಚಕ್ರ ಹಾಕಿದವರು ಯಾರು ಎಂದು ಕೇಳಿದರಂತೆ. “ನಾನು. ಬಿಗಿ ಮಾಡೋದು ಮರೆತೆ. ಬರ್ಕೊಳ್ಳಿ,” ಎಂದು ಅಣ್ಣ ಹೇಳಿಕೆ ಕೊಟ್ಟು ಬಂದ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಗಳಿಗೂ ಅದನ್ನೇ ಹೇಳಿದ. ಪಕ್ಕದಲ್ಲಿ ನಾನೂ ಇದ್ದೆ. ಮೂರು ನಟ್ಟು ಎಂದ ಕೂಡಲೇ ನನ್ನ ಕೈಯ ನೀಲಿ ಗೀಟುಗಳು ಕಣ್ಣ ಮುಂದೆ ಬಂದವು. ಈಗ ಹೇಳಬೇಕು ಎಂದುಕೊಂಡೆ. ನಾಲಿಗೆ ಏಳಲಿಲ್ಲ.

ಅಳು ಮುಗಿಯಲಿ ಎಂದು ಒಂದು ತಿಂಗಳು ಸುಮ್ಮನಿದ್ದೆ. ಕೇಸು ಮುಗಿಯಲಿ ಎಂದು ಎರಡು ವರ್ಷ ಸುಮ್ಮನಿದ್ದೆ. ಅದು ಕೋರ್ಟಿನ ಎಚ್ಚರಿಕೆಯೊಂದಿಗೆ ಮುಗಿಯಿತು. ಆಮೇಲೆ ಈಗ ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆ. ಆ ಮನೆ ಬಿಟ್ಟರೆ ನನಗೆ ಬೇರೆ ಕಿಟಕಿಯಿರಲಿಲ್ಲ, ಆ ಅಣ್ಣನನ್ನು ಬಿಟ್ಟರೆ ನನ್ನವರೆಂದು ಯಾರೂ ಇರಲಿಲ್ಲ.

ಡಿಪೋದವರು ಅಣ್ಣನನ್ನು ಚಕ್ರದ ವಿಭಾಗದಿಂದ ತೆಗೆದು ಗೇಟಿಗೆ ಹಾಕಿದರು. ಒಳಗೆ ಬರುವ ಹೊರಗೆ ಹೋಗುವ ಬಸ್ಸಿನ ನಂಬರು ಬರೆಯುವ ಕೆಲಸ. ಅವನು ಕಲಿಸಿದವರೇ ಹಾಕಿದ ಚಕ್ರಗಳು, ಅವನ ಹಾಗೆಯೇ ಎಳೆದ ಗೀಟುಗಳು, ದಿನಕ್ಕೆ ನೂರು ಸಲ ಅವನ ಕಣ್ಣ ಮುಂದೆ ಉರುಳಿ ಹೋಗುತ್ತಿದ್ದವು. ಸೀಮೆಸುಣ್ಣ ಎಂದು ಕರೆಯುವುದನ್ನು ಎಲ್ಲರೂ ನಿಲ್ಲಿಸಿದರು. ಎರಡು ವರ್ಷ ಹಾಗೆ ಕೂತು ನಿವೃತ್ತನಾದ. ಭಾನುವಾರ ಅಂಗಳಕ್ಕೆ ಯಾರೂ ಬರಲಿಲ್ಲ. ಮನೆಯ ಬಲ್ಬು ಹೋದರೂ ನಾನೇ ಸ್ಟೂಲು ಹತ್ತುತ್ತಿದ್ದೆ, ಅವನು ಕತ್ತಲಲ್ಲೇ ಉಣ್ಣಲು ತಯಾರಿದ್ದ. ಜೇಬಿನಲ್ಲಿ ಸುಣ್ಣ ಇರಲಿಲ್ಲ. ಒಗೆಯುವ ನೀರು ಬೆಳ್ಳಗಾಗುವುದು ನಿಂತುಹೋಯಿತು, ಬಯ್ಯುವುದಕ್ಕೂ ಏನೂ ಉಳಿಯಲಿಲ್ಲ.

ಮಗಳು ಪುಟ್ಟಿಗೆ ಅಮ್ಮ ಸತ್ತಾಗ ಹತ್ತೊಂಬತ್ತು. ಓದು ಮುಗಿಸಿ ದೂರದ ಊರಿನ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ವರ್ಷಕ್ಕೊಮ್ಮೆ ಬಂದು, ನನ್ನ ಪಕ್ಕ ಅರ್ಧ ದಿನ ಕೂತು ಹೋಗುತ್ತಿದ್ದಳು. ಅಪ್ಪನಿಗೆ ಬಂದಾಗ ಒಂದು ಮಾತು, ಹೊರಡುವಾಗ ಒಂದು ಮಾತು. ಅದೂ ಗೋಡೆಗೆ ಹೇಳಿದ ಹಾಗೆ. ಸಾವಿರಾರು ಚಕ್ರ ಒಂದೂ ಮರೆಯದೆ ಬಿಗಿ ಮಾಡಿದವರು ಅಮ್ಮನ ಚಕ್ರ ಹೇಗೆ ಮರೆತರು ಅತ್ತೆ ಎಂದು ಒಂದು ಸಲ ನನ್ನನ್ನು ಕೇಳಿದಳು. ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಹಾಗೆ ಸುಳ್ಳುಸುಳ್ಳೇ ತಲೆ ತಗ್ಗಿಸಿದ್ದು ಇವತ್ತಿಗೂ ನನ್ನ ಕುತ್ತಿಗೆಯಲ್ಲಿ ನೋಯುತ್ತದೆ.

ಈ ವರ್ಷ ಅವಳು ತನ್ನದೇ ಒಂದು ಹಳೆಯ ಕಾರಿನಲ್ಲಿ ನಸುಕಿಗೇ ಬಂದಳು. ಗೇಟಿನೊಳಗೆ ತಿರುಗುವಾಗಲೇ ಒಂದು ಕಣ್ಣು ಕುರುಡು ಎಂದು ಗೊತ್ತಾಯಿತು. ಬಲಗಡೆಯ ಹೆಡ್‌ಲೈಟು ಉರಿಯುತ್ತಿರಲಿಲ್ಲ. ಒಳಗೆ ಕೂತಿದ್ದ ಅಣ್ಣ ಗೋಡೆಯ ಮೇಲೆ ಬಿದ್ದ ಒಂಟಿ ಬೆಳಕನ್ನು ನೋಡಿದ, ಪತ್ರಿಕೆ ಎತ್ತಿಕೊಂಡ. ಪುಟ್ಟಿಯ ಕಾರಿನ ಡಿಕ್ಕಿಯಲ್ಲಿ ಹೊಸ ಬಲ್ಬು ಇತ್ತು, ಹಾಕಲು ಬರುತ್ತಿರಲಿಲ್ಲ. ನಾನೇ ಲೈಟು ಆರಿಸಿ, ತಣ್ಣಗಾಗಲು ಬಿಟ್ಟು, ಬಿಳಿ ಬಟ್ಟೆಯಲ್ಲಿ ಹಿಡಿದು ಹಾಕಿದೆ. ಎರಡನೆಯ ಬೆಳಕು ಗೋಡೆಗೆ ಬಿದ್ದಾಗ ಪತ್ರಿಕೆ ಒಂದು ಗೇಣು ಕೆಳಗಿಳಿದು ಮತ್ತೆ ಮೇಲೇರಿತು.

ಊಟ ಮುಗಿಸಿ ಹೊರಡಲು ಹೋದರೆ ಮುಂದಿನ ಚಕ್ರಕ್ಕೆ ಮೊಳೆ ಚುಚ್ಚಿತ್ತು. ಪುಟ್ಟಿ ತೋಳು ಮಡಚಿ ಜಾಕು ತೆಗೆದಳು. ಕಾರು ಅಂಗಳದ ಮಣ್ಣಿನ ಭಾಗದಲ್ಲಿ ನಿಂತಿತ್ತು. ಕಲ್ಲು ಕೊಡಲಿಲ್ಲ. ನಟ್ಟು ಸಡಿಲಿಸದೆಯೇ ಎತ್ತಿದಳು. ಎತ್ತಿದ ಮೇಲೆ ಪಾನಾದ ಮೇಲೆ ಕಾಲಿಟ್ಟು ಒದ್ದಳು, ಒದ್ದಾಗೆಲ್ಲ ಗಾಡಿ ತೂಗಾಡಿತು. ನಾನು ಬೇಡ ಬೇಡ ಎನ್ನುತ್ತಲೇ ಇದ್ದೆ, ಅವಳಿಗೂ ನನ್ನದೇ ಹಟ. ಚಕ್ರ ಬಿಚ್ಚಿ ಪಕ್ಕಕ್ಕೆ ಉರುಳಿಸಿದಳು. ಒಂದು ನಟ್ಟು ಕೈತಪ್ಪಿ ಗಾಡಿಯ ಕೆಳಗೆ ಹೋಯಿತು. ಅವಳು ಹೊಟ್ಟೆಯ ಮೇಲೆ ಮಲಗಿ ತಲೆ, ಭುಜ ಎರಡನ್ನೂ ಒಳಗೆ ತೂರಿಸಿದಳು.

ಜಾಕಿನ ಒಂದು ಮಗ್ಗುಲು ಮಣ್ಣಿನಲ್ಲಿ ಇಳಿಯುತ್ತಿತ್ತು.

ನನ್ನ ಕೋಣೆಯ ಕಿಟಕಿಯಿಂದ ಅಣ್ಣನ ಧ್ವನಿ ಬಂತು. ಸರಳು ಹಿಡಿದು ನಿಂತಿದ್ದ. “ಹೊರಗೆ ಬಾ ಅಂತ ಹೇಳೇ ಅವಳಿಗೆ.” ಮಗಳಿಗೆ ನೇರವಾಗಿ ಹೇಳುವ ಹಕ್ಕೂ ತನಗಿಲ್ಲ ಎಂಬಂತೆ ನನಗೆ ಹೇಳಿದ. ನಾನು ಅವಳ ಕಾಲು ಹಿಡಿದು ಎಳೆದೆ.

ಅವಳು ಹೊರಗೆ ಬಂದು ಕೂತು, ಕೈಯ ಮಣ್ಣು ಒರೆಸಿಕೊಂಡಳು. “ಅಪ್ಪ ಹೇಳ್ಕೊಡೋದು ಬೇಡ ಅನ್ನು ಅತ್ತೆ. ಅವರು ಹಾಕಿದ ಚಕ್ರ ಎಲ್ಲಿಗೆ ಹೋಯ್ತು ಅಂತ ನೋಡಾಗಿದೆ.”

ಅಣ್ಣನ ಕೈ ಸರಳು ಬಿಟ್ಟಿತು. ಅವನು ಹೌದು ಅನ್ನುವವನಂತೆ ತಲೆಯಾಡಿಸಿ ಒಳಕ್ಕೆ ತಿರುಗಿದ. ಆ ತಲೆಯಾಡಿಸಿದ್ದನ್ನು ನನ್ನಿಂದ ನೋಡಲಾಗಲಿಲ್ಲ. ಏಳು ವರ್ಷ ನುಂಗಿಕೊಂಡದ್ದು ಒಂದೇ ಉಸಿರಿಗೆ ಹೊರಗೆ ಬಂತು.

“ಅವನು ಮುಗಿಸಿರ್ಲಿಲ್ಲ ಪುಟ್ಟಿ. ಎರಡು ನಟ್ಟು ಹಾಕಿ ಎದ್ದು ಮೇಷ್ಟ್ರ ಮನೆಗೆ ಹೋಗಿದ್ದ. ಮುಗೀತು ಅಂದ್ಕೊಂಡು ಗೀಟು ಎಳೆದವಳು ನಾನು. ನನ್ನ ಗೀಟು ನೋಡಿ ಅವನು ಹೊರಡು ಅಂದಿದ್ದು. ನಿಮ್ಮಮ್ಮನ್ನ ಕಳಿಸಿದ್ದು ನಾನು ಕಣೇ.”

ಪುಟ್ಟಿ ನನ್ನನ್ನೇ ನೋಡಿದಳು. ನಾನು ಹೇಳಿದ ಮಾತು ಯಾವ ಭಾಷೆಯದೋ ಎಂಬಂತೆ ನೋಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಕಿಟಕಿಯಲ್ಲಿ ಅಣ್ಣ ಇರಲಿಲ್ಲ. ಬರಿಗಾಲಲ್ಲಿ ಅಂಗಳಕ್ಕೆ ಇಳಿದಿದ್ದ.

“ಮಾತು ಆಮೇಲೆ. ಆ ಬಿಚ್ಚಿದ ಚಕ್ರ ಕೆಳಗೆ ತಳ್ಳು ಮೊದ್ಲು,” ಅಂದ. ಈ ಸಲ ನನ್ನ ಮೂಲಕ ಅಲ್ಲ, ಮಗಳಿಗೇ ಹೇಳಿದ. ಅವಳು ಎದ್ದು ಚಕ್ರವನ್ನು ಗಾಡಿಯ ಹೊಟ್ಟೆಯ ಕೆಳಗೆ ಮಲಗಿಸಿದಳು. ಅವನು ಕಾಂಪೌಂಡಿನ ಮೂಲೆಯಿಂದ ಕಲ್ಲು ತಂದು ಹಿಂದಿನ ಚಕ್ರಗಳಿಗೆ ಕೊಟ್ಟ. ಬಾಗಿಲು ತೆರೆದು ಹ್ಯಾಂಡ್ ಬ್ರೇಕು ಎಳೆದ, ಗೇರಿಗೆ ಹಾಕಿದ. ಕೋಲಿನಿಂದ ಆ ನಟ್ಟನ್ನು ಹೊರಗೆಳೆದ. ಅವಳ ಕೈಯಿಂದಲೇ ಸ್ಟೆಪ್ನಿ ಹಾಕಿಸಿ, ನಟ್ಟುಗಳನ್ನು ಕೈಬಿಗಿ ಮಾಡಿಸಿ, ಕೆಳಗಿನ ಚಕ್ರ ಎಳೆಸಿ, ಗಾಡಿಯನ್ನು ನೆಲಕ್ಕೆ ಇಳಿಸಿದ. ನಾನು ಕಟ್ಟೆಯ ಪಕ್ಕ ತೀರ್ಪಿಗೆ ಕಾಯುವವಳಂತೆ ನಿಂತಿದ್ದೆ.

ಏಳು ವರ್ಷದ ಮೇಲೆ ಅವನು ಪಾನಾ ಎತ್ತಿಕೊಂಡ. ಮಂಡಿಯೂರಿ ಮೊದಲ ನಟ್ಟಿಗೆ ಹಾಕಿ, ಮಗಳ ಕೈಯನ್ನು ತನ್ನ ಕೈಯ ಪಕ್ಕಕ್ಕೆ ಇಟ್ಟುಕೊಂಡು ಒತ್ತಿದ. ನನ್ನ ಕಡೆ ನೋಡದೆಯೇ ಮಾತಾಡಿದ.

“ನಿನ್ನ ಸುಣ್ಣ ನೀಲಿ. ನನ್ನದು ಬಿಳಿ. ನನ್ನ ಗೀಟು ದಪ್ಪ, ನಿನ್ನದು ದಾರದ ಹಾಗೆ. ಇಷ್ಟು ವರ್ಷ ಗೀಟು ನೋಡ್ದವನಿಗೆ ಗೊತ್ತಾಗಲ್ವೇನೇ?”

“ಯಾವಾಗ ನೋಡ್ದೆ ಅಣ್ಣ?”

“ಸ್ಟೇಷನ್ ಅಂಗಳದಲ್ಲಿ. ಚಕ್ರ ಒರಗಿಸಿಟ್ಟಿದ್ರು. ನಟ್ಟಿಲ್ಲ, ತೂತಿನ ಪಕ್ಕ ಅರ್ಧರ್ಧ ಗೀಟು ಹಾಗೇ ಇತ್ತು. ಸಾಹೇಬ್ರು ಪುಸ್ತಕ ತರೋಕೆ ಒಳಗೆ ಹೋದಾಗ ಹೆಬ್ಬೆಟ್ಟಿಗೆ ಉಗುಳು ಹಚ್ಚಿ ಒರೆಸ್ದೆ. ಐದೂ.” ಮೂರನೆಯ ನಟ್ಟಿಗೆ ಪಾನಾ ದಾಟಿಸಿದ.

ಪುಟ್ಟಿ ಕೈ ನಿಲ್ಲಿಸಿದಳು. “ಯಾಕಪ್ಪ? ನನಗಾದ್ರೂ ಹೇಳಬಹುದಿತ್ತಲ್ಲ.”

“ಹೊರಡು ಅಂದವನು ನಾನಲ್ವಾ. ಬಗ್ಗಿ ನೋಡಿದ್ರೆ ಆಗ್ತಿತ್ತು. ಮಂಡಿ ನೋಯ್ತು, ಬಗ್ಗಲಿಲ್ಲ. ನಿಮ್ಮಮ್ಮ ಹೇಗೂ ಹೋಗ್ತಾಳೆ ಅಂತ ಡಾಕ್ಟ್ರು ಹೇಳಿದ್ರು. ಇವಳ ಮೇಲೆ ಕೇಸು ಹಾಕ್ಸಿ ಇವಳನ್ನೂ ಎಲ್ಲಿಗೆ ಕಳಿಸ್ಲಿ ಅನ್ನಿಸ್ತು. ಒತ್ತು, ಇನ್ನೂ ಬಿಗಿ ಬರ್ಬೇಕು.”

“ಗೊತ್ತಿದ್ದೂ ಏಳು ವರ್ಷ ನನ್ನ ಕೈಯ ಊಟ ಉಂಡ್ಯಾ?” ಎಂದು ಕೇಳಿದೆ. ಅತ್ತೆನೋ ಬೈದೆನೋ ನನಗೇ ಗೊತ್ತಿಲ್ಲ.

“ಕಾದೆ,” ಅಂದ. ಪಾನಾ ಹಿಡಿದ ಕೈ ನಿಂತಿತು. “ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ. ನಿನ್ನ ಮಿಷನ್ ಸದ್ದು ನಿಂತಾಗೆಲ್ಲ ಎದ್ದು ಬಂದ್ಲು ಅಂದ್ಕೋತಿದ್ದೆ. ಗೀಟು ಎಳೆದಿದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ಮಂಡಿಗೋಸ್ಕರ ಎಳೆದೆ ಅಂತ ಗೊತ್ತು. ಆದ್ರೆ ಇವಳು ನನ್ನ ಮುಖ ನೋಡ್ದೆ ಹೋಗ್ತಿದ್ಲಲ್ಲ ಪ್ರತಿ ಸಲ, ನೀನು ಇದೇ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಅದನ್ನ ಹೇಗೆ ನೋಡ್ದೆ ನೀನು?”

ಐದನೆಯ ನಟ್ಟು ಮುಗಿಯಿತು. ಅಣ್ಣನ ಕೈ ರೂಢಿಯಂತೆ ಎಡಜೇಬಿಗೆ ಹೋಗಿ ಬರಿದಾಗಿ ಬಂತು. ನಾನು ಓಡಿ ಹೋಗಿ ನನ್ನ ಬಿಲ್ಲೆ ತಂದೆ. ಆ ನೀಲಿ ಬಿಲ್ಲೆಯನ್ನು ಅವನು ಸ್ವಲ್ಪ ಹೊತ್ತು ನೋಡಿದ. ನಾನು ಕೂರಲು ಹೋದೆ.

“ನೀನು ಬೇಡ,” ಅಂದ. “ಬಿಗಿ ಮಾಡಿದವರೇ ಎಳೀಬೇಕು.”

ಪುಟ್ಟಿ ನನ್ನ ಅಂಗೈಯಿಂದ ಬಿಲ್ಲೆ ತೆಗೆದುಕೊಂಡು ಸೊಟ್ಟಸೊಟ್ಟಗೆ ಐದು ಗೀಟು ಎಳೆದಳು. ಅಣ್ಣ ಈ ಸಲ ನೋವು ಕಚ್ಚಿಕೊಂಡು ಪೂರ್ತಿ ಬಗ್ಗಿ, ಒಂದೊಂದನ್ನೂ ಬೆರಳಿಟ್ಟು ನೋಡಿದ. ಐವತ್ತು ಕಿಲೋಮೀಟರಿಗೆ ನಿಲ್ಲಿಸಿ ಮತ್ತೆ ಪಾನಾ ಹಾಕು ಎಂದ.

“ನೀನೂ ಬಾ ಅಪ್ಪ,” ಅಂದಳು ಪುಟ್ಟಿ. “ಸರಿಯಾಗಿ ಹಾಕಿದ್ನೋ ಇಲ್ವೋ ಅಂತ ಯಾರು ನೋಡ್ತಾರೆ?”

ಅವನು ಒಳಗೆ ಹೋಗಿ ಎರಡು ಅಂಗಿ, ಕನ್ನಡಕ, ಡಿಪೋದ ಹಳೆಯ ಚೀಲ ತಂದ. ಐವತ್ತು ಕಿಲೋಮೀಟರಿಗೆ ಎರಡು ಅಂಗಿ ಯಾಕೆಂದು ನಾನು ಕೇಳಲಿಲ್ಲ. ಕಾರಿನಲ್ಲಿ ಕೂತು ಗಾಜು ಇಳಿಸಿ “ಬಾಗಿಲು ಹಾಕ್ಕೋ” ಎಂದ. ಪುಟ್ಟಿ ನನ್ನ ಕಡೆ ತಿರುಗದೆ ಕಾರು ಶುರುಮಾಡಿದಳು.

ಐದು ತಿಂಗಳಾಯಿತು. ಅಣ್ಣ ಮಗಳ ಮನೆಯಲ್ಲೇ ಇದ್ದಾನೆ. ಪುಟ್ಟಿ ನನ್ನ ಹತ್ತಿರ ಮಾತಾಡುವುದಿಲ್ಲ. ಅಪ್ಪನಿಗೆ ಕೊಟ್ಟಿದ್ದ ಮೌನವನ್ನು ಈಗ ನನಗೆ ಕೊಟ್ಟಿದ್ದಾಳೆ, ನ್ಯಾಯವಾಗಿಯೇ ಕೊಟ್ಟಿದ್ದಾಳೆ. ಇಡೀ ಮನೆ ನನ್ನದಾಗಿದೆ, ಯಾವ ಕಿಟಕಿಯಲ್ಲಿ ಬೇಕಾದರೂ ಮಿಷನ್ ಇಟ್ಟುಕೊಳ್ಳಬಹುದು. ಮೇಷ್ಟ್ರಿಗೆ ನಾನೇ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನೀರು ಕುಡಿದು, ಆ ದಿನ ಬಲ್ಬು ಹಿಡಿದು ಬಂದ ತಮ್ಮದೂ ಅದರಲ್ಲಿ ಒಂದು ಪಾಲಿದೆ ಎಂದರು.

ಅಣ್ಣ ಭಾನುವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಊಟ ಆಯ್ತಾ, ಗೇಟಿನ ಲೈಟು ಉರೀತಿದ್ಯಾ, ಅಷ್ಟೇ. ಹಿಂದೆ ಗಾಡಿಗಳ ಸದ್ದು, ನಾಲ್ಕು ಜನರ ಮಾತು ಕೇಳುತ್ತದೆ. ಆ ಓಣಿಯಲ್ಲೂ ಅವನಿಗೆ ರೋಗಿಗಳು ಸಿಕ್ಕಿದ್ದಾರೆ ಎಂದು ಅದರಿಂದಲೇ ಗೊತ್ತಾಯಿತು. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು, ಫೋನಿಟ್ಟ ಮೇಲೆ ಅಳುವೂ ಬಂತು. ಹೋದ ವಾರ ಇಡುವ ಮೊದಲು ಇನ್ನೊಂದು ಮಾತು ಸೇರಿಸಿದ.

“ಇಲ್ಲಿ ಸಿಗೋ ಬಟ್ಟೆ ಎಲ್ಲ ನೂಲು ಬಿಡುತ್ತೆ ಕಣೇ. ನಿನ್ನ ಹತ್ರ ಬಿಳಿ ಹತ್ತಿ ಚೂರು ಇದ್ರೆ ಒಂದಿಷ್ಟು ಕಳಿಸು.”

ಫೋನಿಟ್ಟು, ಪೆಟ್ಟಿಗೆಯಲ್ಲಿದ್ದ ಹೊಸ ಬಿಳಿ ಬಟ್ಟೆಯನ್ನೇ ತೆಗೆದೆ. ಒಗೆದು, ಒಣಗಿಸಿ, ಇಸ್ತ್ರಿ ಹಾಕಿದೆ. ಅಂಗೈಯಗಲಕ್ಕೆ ನೂರು ಚೂರು ಮಾಡಬೇಕಿತ್ತು. ಬಿಲ್ಲೆ ಮೇಜಿನ ಮೇಲೇ ಇತ್ತು, ಮುಟ್ಟಲಿಲ್ಲ. ಒಂದರ ಮೇಲೂ ಗೀಟು ಬೀಳದಂತೆ ಎಲ್ಲವನ್ನೂ ಕಣ್ಣಳತೆಯಲ್ಲೇ ಕತ್ತರಿಸಿದೆ.